ಗುಮಟೆಯಿಂದ ಸಿಂಥಸೈಸರಿಗೆ



ಹೋಳಿ ಹುಣ್ಣಿಮೆಯ ಹೊತ್ತಿಗೆ ಅಂಕೋಲೆಯ ಹಳ್ಳಿಗಳಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನಡೆಯುತ್ತದೆ. ತಲೆಯ ಮೇಲೆ ಬಣ್ಣದ ತುರಾಯಿ, ಜೊತೆಗೆ ಗುಮಟೆಯ ದನಿ. ಕಾರವಾರ, ಅಂಕೋಲೆಯ ಕಡೆಯವರಾದರೆ ನೀವು ಗುಮಟೆಯನ್ನು ನೋಡಿಯೇ ಇರುತ್ತೀರಿ. ಅದು ಎರಡು ಬಾಯಿಗಳ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದಿರುತ್ತದೆ. ವಾದಕ ಒಂದು ಕೈಯಿಂದ ಚರ್ಮವನ್ನು ಬಡಿಯುತ್ತ, ಇನ್ನೊಂದು ಅಂಗೈಯಿಂದ ಸಣ್ಣ ಬಾಯಿಯನ್ನು ಮುಚ್ಚಿ ತೆರೆಯುತ್ತಾನೆ. ಪೆಟ್ಟು ಅದೇ, ದನಿ ಬೇರೆ.

ಇದನ್ನು ಗಮನಿಸಿದ ಕಿವಿಗೆ ಇಲೆಕ್ಟ್ರಾನಿಕ್ ಸಂಗೀತ ಪರಕೀಯವಲ್ಲ. ಸಿಂಥಸೈಸರಿನಲ್ಲಿ ವಿದ್ಯುತ್ ಕಂಪನದಿಂದ ಸ್ವರ ಹುಟ್ಟುತ್ತದೆ. ಅದು ‘ಫಿಲ್ಟರ್’ ಎಂಬ ಭಾಗವನ್ನು ಹಾಯ್ದು ಹೊರಬರುತ್ತದೆ. ಫಿಲ್ಟರಿನ ಗುಂಡಿಯನ್ನು ಒಂದು ಕಡೆ ತಿರುಗಿಸಿದರೆ ದನಿ ಮಂದವಾಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಹರಿತವಾಗುತ್ತದೆ. ಒಳಗಿನ ವಿಜ್ಞಾನ ಬೇರೆಯಾದರೂ ಕಿವಿ ಹಿಡಿಯಬೇಕಾದ ಆಟ ಒಂದೇ. “ಎಲ್ಲ ಒಂದೇ ತರಹದ ಯಂತ್ರದ ಸದ್ದು” ಎನ್ನುವವರು ಈ ಬದಲಾವಣೆಯನ್ನು ಕೇಳಿರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಚರಣ್‌ಜಿತ್ ಸಿಂಗ್ ಮುಂಬಯಿಯ ಚಿತ್ರಸಂಗೀತದ ವಾದಕರಾಗಿದ್ದರು. 1982ರಲ್ಲಿ ಅವರು ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ಯಂತ್ರಗಳಲ್ಲಿ ಡಿಸ್ಕೋ ತಾಳಕ್ಕೆ ನುಡಿಸಿ ಧ್ವನಿಮುದ್ರಿಕೆ ತಂದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಹೊರದೇಶದ ಕೇಳುಗರು ಬೆರಗಾದರು. ಅಮೆರಿಕದ ಷಿಕಾಗೋದಲ್ಲಿ ‘ಆ್ಯಸಿಡ್ ಹೌಸ್’ ಎಂಬ ಕುಣಿತದ ಸಂಗೀತ ಹುಟ್ಟುವ ಮೊದಲೇ ಅಂಥದೇ ದನಿ ಭೈರವ, ಯಮನ್ ರಾಗಗಳಲ್ಲಿ ಮೂಡಿತ್ತು!

ಚಲನಚಿತ್ರದ ಹಂಗಿಲ್ಲದೆ ಕಲಾವಿದರು ಸ್ವತಂತ್ರವಾಗಿ ಕಟ್ಟುವ ಸಂಗೀತಕ್ಕೆ ‘ಇಂಡಿ’ ಎನ್ನುತ್ತಾರೆ. ರಘು ದೀಕ್ಷಿತರ ತಂಡ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿನೊಂದಿಗೆ ಹಾಡಿತು. ಅದನ್ನು ಮೆಚ್ಚಿದವರು ಅಲ್ಲಿಗೇ ನಿಲ್ಲದೆ, ಧಾರವಾಡ ಸೀಮೆಯ ಭಜನೆಯವರ ಬಾಯಲ್ಲೂ ಶರೀಫರನ್ನು ಕೇಳಬೇಕು.

ಹೊಸ ಸಂಗೀತವನ್ನು ಹುಡುಕುವ ಬಗೆ ಇಷ್ಟೇ. ಮೊದಲ ಸಲ ಲಯವನ್ನು ಮಾತ್ರ ಕೇಳಿ. ಎರಡನೆಯ ಸಲ ಒಂದೇ ಒಂದು ದನಿಯನ್ನು ಹಿಂಬಾಲಿಸಿ. ಮೂರನೆಯ ಸಲ ನುಡಿಸಿದವರು, ಬರೆದವರು ಯಾರೆಂದು ನೋಡಿ. ಒಂದು ಹೆಸರು ಇನ್ನೊಂದು ಹಾಡಿಗೆ ದಾರಿ ತೋರಿಸುತ್ತದೆ.

ಆದರೆ ಹೊಸದೆಂದರೆ ದೂರದ್ದು ಮಾತ್ರವೇ? ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಓದು ಕಂಡವರಲ್ಲ. ಹಾಲಕ್ಕಿಗಳ ಅಸಂಖ್ಯ ಹಾಡುಗಳು ಅವರ ನಾಲಿಗೆಯ ಮೇಲಿದ್ದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಚರಣ್‌ಜಿತ್ ಸಿಂಗರ ಮುದ್ರಿಕೆ ಕೇಳುಗರಿಗಾಗಿ 28 ವರ್ಷ ಕಾಯಿತು. ನೆನಪಿನಲ್ಲಷ್ಟೇ ಇರುವ ಹಾಡು ಹಾಗೆ ಕಾಯಲಾರದು. ಯಾರೂ ಕಲಿಯದಿದ್ದರೆ ಅದು ಹಾಡಿದವರೊಂದಿಗೇ ಹೋಗುತ್ತದೆ.

ಆದ್ದರಿಂದ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಜ್ಜಿಯ ಬಳಿಯೋ ನೆರೆಮನೆಯ ಹಿರಿಯರ ಬಳಿಯೋ ಕುಳಿತು ಒಂದು ಹಾಡು ಕೇಳಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಹಾಡುವ ಸಂದರ್ಭ ಬರೆದಿಡಿ. ಮುಂದೆ ನೀವೇ ಅದಕ್ಕೆ ಯಂತ್ರದ ತಾಳ ಕೂಡಿಸಬಹುದು, ಆದರೆ ಅವರನ್ನು ಕೇಳಿಯೇ ಕೂಡಿಸಿ. ಆಗಲೂ ಅವರ ಹೆಸರು ಮೊದಲು ಬರಲಿ, ನಿಮ್ಮದು ಅನಂತರ.