ಕ್ಯಾಮೆರಾ ಊರಿನವರ ಕೈಗೆ ಬಂದಾಗ

(ಮಲೆನಾಡಿನ ವಿದ್ಯಾರ್ಥಿಗಳಿಗಾಗಿ ನಡೆದ ವಿಡಿಯೋ ಚಿತ್ರೀಕರಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿಡಿಯೋ ಚಿತ್ರೀಕರಣದ ಬಗ್ಗೆ ಮಾತನಾಡಲು ಕೃಷಿ ವಿಜ್ಞಾನದವರನ್ನು ಏಕೆ ಕರೆದಿದ್ದಾರೆ ಎಂದು ನಿಮಗೆ ಅನ್ನಿಸಿರಬಹುದು. ನಮ್ಮ ಶಾಸ್ತ್ರದಲ್ಲಿ ಅಕ್ಷರಕ್ಕೆ ಸಿಕ್ಕದ ಸಂಗತಿಗಳು ಬಹಳ ಇವೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಎಲ್ಲ ಕರಪತ್ರಗಳಲ್ಲಿಯೂ ಅಚ್ಚಾಗಿದೆ. ಆದರೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಸುರಿಯುವ ಕೈ ಎಷ್ಟು ನಿಧಾನವಿರಬೇಕು, ಕೋಲು ಹಿಡಿದು ಕಲಕುವ ಕೈ ಎಷ್ಟು ಬಿಡುವಿಲ್ಲದೆ ಆಡಬೇಕು, ಕೊನೆಯಲ್ಲಿ ಶುಭ್ರವಾದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೂರುವ ತಾಮ್ರದ ಕೆಂಪು ಎಂಥದು, ಇವನ್ನು ಬರೆದು ತಿಳಿಸುವುದು ಕಷ್ಟ. ಆ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಇದನ್ನು ಒಮ್ಮೆ ಕಣ್ಣಾರೆ ಕಂಡ ರೈತ ಮರೆಯುವುದಿಲ್ಲ.

ಹಾಗಿದ್ದಲ್ಲಿ ಇದನ್ನು ಚಿತ್ರಿಸುವವರು ಯಾರು? ಹೊರಗಿನಿಂದ ಬರುವ ಚಿತ್ರತಂಡಗಳು ಸಾಮಾನ್ಯವಾಗಿ ಡಿಸೆಂಬರಿನ ತಿಳಿ ಆಕಾಶದಲ್ಲಿ ಬರುತ್ತವೆ. ಅವರಿಗೆ ಮಂಜು, ಜಲಪಾತ, ಹಸಿರು ಇಷ್ಟು ಸಿಕ್ಕರೆ ಸಾಕು. ಕೊಳೆರೋಗವಾದರೋ ಬರುವುದು ಆಷಾಢದ ಜಡಿಮಳೆಯಲ್ಲಿ. ಆ ಹೊತ್ತಿನಲ್ಲಿ ಈ ಬೆಟ್ಟಗಳಲ್ಲಿ ಇರುವವರು ನೀವು ಮತ್ತು ನಿಮ್ಮ ಮನೆಯವರು. ಇದೇ ನಿಮ್ಮ ಬಂಡವಾಳ. ದುಬಾರಿ ಕ್ಯಾಮೆರಾ ಎರಡನೆಯ ಮಾತು.

ನಮ್ಮ ಬೀದರ ಜಿಲ್ಲೆಯ ಗಡಿಗೆ ಹೊಂದಿಕೊಂಡೇ, ಈಗಿನ ತೆಲಂಗಾಣದಲ್ಲಿ, ಜಹೀರಾಬಾದ್ ಎಂಬ ಊರಿದೆ. ಅಲ್ಲಿನ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು 1990ರ ದಶಕದ ಕೊನೆಯಲ್ಲಿ ಸುತ್ತಲಿನ ಹಳ್ಳಿಗಳ ದಲಿತ ರೈತ ಮಹಿಳೆಯರ ಕೈಗೆ ವಿಡಿಯೋ ಕ್ಯಾಮೆರಾ ಕೊಟ್ಟಿತು. ಅವರಲ್ಲಿ ಹಲವರಿಗೆ ಓದು ಬರಹ ಬರುತ್ತಿರಲಿಲ್ಲ. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನವರು, 1970ರ ದಶಕದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಮುಟ್ಟಿಸಿದ ಪ್ರಯೋಗದ ಕಾಲದಿಂದ ಕಾರ್ಯಕ್ರಮ ನಿರ್ಮಾಪಕರಾಗಿ ದುಡಿದವರು. 2023ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. 1975-76ರ ಆ ಪ್ರಯೋಗ ನಮ್ಮ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನೂ ಮುಟ್ಟಿತ್ತು. ಆಗ ಹಳ್ಳಿಗರು ನೋಡುವವರು ಮಾತ್ರ ಆಗಿದ್ದರು. ಜಹೀರಾಬಾದಿನಲ್ಲಿ ಅವರೇ ತೋರಿಸುವವರಾದರು.

ಆ ಮಹಿಳೆಯರು ಕ್ಯಾಮೆರಾದ ಕೋನಗಳಿಗೆ ತಮ್ಮದೇ ಹೆಸರುಗಳನ್ನಿಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡುವುದು ಪಟೇಲ್ ಶಾಟ್, ಏಕೆಂದರೆ ಜಮೀನ್ದಾರ ಕೂಲಿಯವರನ್ನು ನೋಡುವ ಬಗೆ ಅದು. ಕೆಳಗೆ ಕುಳಿತು ತಲೆ ಎತ್ತಿ ನೋಡುವುದು ಜೀತದಾಳಿನ ಶಾಟ್. ಎದುರಿನವರ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದರೆ ಅದು ಸಂಘಂ ಶಾಟ್. ಮಹಿಳಾ ಸಂಘದಲ್ಲಿ ಎಲ್ಲರೂ ಚಾಪೆಯ ಮೇಲೆ ಸಮನಾಗಿ ಕೂರುತ್ತಾರಷ್ಟೆ. ಚಿತ್ರಕಲೆಯ ಶಾಲೆಗಳಲ್ಲಿ ವರ್ಷವಿಡೀ ಕಲಿಸುವ ಪಾಠ ಈ ಮೂರು ಹೆಸರುಗಳಲ್ಲಿದೆ ಎಂದು ನನ್ನ ಅಭಿಪ್ರಾಯ.

2002ರಲ್ಲಿ ಬಿಟಿ ಹತ್ತಿಗೆ ಸರ್ಕಾರದ ಅನುಮತಿ ದೊರೆತ ನಂತರ ಇದೇ ಮಹಿಳೆಯರು ವಾರಂಗಲ್ ಜಿಲ್ಲೆಯ ಕೆಲವು ರೈತರ ಹೊಲಗಳಿಗೆ ಹಂಗಾಮು ಪೂರ್ತಿ ಮತ್ತೆ ಮತ್ತೆ ಹೋಗಿ ಚಿತ್ರಿಸಿ 2003ರಲ್ಲಿ ಒಂದು ಚಿತ್ರವನ್ನು ಹೊರತಂದರು. ಬಿತ್ತುವ ದಿನದ ಭರವಸೆಯೂ ಬಿಡಿಸುವ ದಿನದ ಸಿಟ್ಟೂ ಅದರಲ್ಲಿ ಅದೇ ಮುಖಗಳ ಮೇಲೆ ಕಾಣುತ್ತವೆ. ವಿಜ್ಞಾನದ ದೃಷ್ಟಿಯಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವೇ ರೈತರ ಒಂದು ಹಂಗಾಮಿನ ಕತೆ ಇಡೀ ರಾಜ್ಯದ ಇಳುವರಿಯ ಲೆಕ್ಕವಾಗಲಾರದು. ಕ್ಯಾಮೆರಾ ತೋರಿಸುವುದು ಆ ಹೊಲವನ್ನು ಮಾತ್ರ. ಆದರೆ ಆ ಹೊಲದಲ್ಲಿ ಏನಾಯಿತೆಂಬುದನ್ನು ಯಾವ ಕೋಷ್ಟಕವೂ ಅಷ್ಟು ಸ್ಪಷ್ಟವಾಗಿ ದಾಖಲಿಸಿರಲಿಲ್ಲ. ಮತ್ತೆ ಮತ್ತೆ ಹೋಗುವ ಸೌಲಭ್ಯ ಅವರಿಗಿದ್ದದ್ದು ಅವರೂ ರೈತರೇ ಆಗಿದ್ದುದರಿಂದ.

ಇನ್ನು ಕಸುಬಿನ ಮಾತು. ಚಾಕುವಿನ ಪರೀಕ್ಷೆಯನ್ನು ಚಿತ್ರಿಸುವಾಗ ಆ ಒಂದು ನಿಮಿಷವನ್ನು ಕತ್ತರಿಸಬೇಡಿ. ಶುಭ್ರ ಅಲಗನ್ನು ಮೊದಲು ತೋರಿಸಿ, ಅದ್ದಿ, ಕಾದು, ತೆಗೆಯುವವರೆಗೆ ಒಂದೇ ಶಾಟ್ ಇರಲಿ. ನಡುವೆ ಕತ್ತರಿ ಬಿದ್ದರೆ ಚಾಕು ಬದಲಾಯಿಸಿದ್ದಾರೆಂದು ನೋಡುವವರಿಗೆ ಅನುಮಾನ ಬರುತ್ತದೆ, ಆ ಅನುಮಾನ ನ್ಯಾಯವಾದದ್ದೇ. ಸಿಂಪಡಿಸಲು ಮರವೇರುವ ಕೊನೆಗಾರನ ಕಡೆಗೆ ಕ್ಯಾಮೆರಾ ಎತ್ತಿದೊಡನೆ ಸೋಗೆಗಳ ನಡುವಿನ ಬಿಳಿ ಆಕಾಶ ಒಳನುಗ್ಗಿ ಅವನ ಮುಖ ಕಪ್ಪಾಗುತ್ತದೆ. ಧರೆಯ ಮೇಲೆ ನಿಂತು, ಹಿಂದಿನ ಗುಡ್ಡ ಹಿನ್ನೆಲೆಯಾಗುವಂತೆ ಹಿಡಿಯಿರಿ. ನಿಮ್ಮೂರಿನ ಇಳಿಜಾರು ಇಂಥ ಕಡೆ ಉಪಕಾರಕ್ಕೆ ಬರುತ್ತದೆ. ತೋಟದ ನೆರಳಿನಲ್ಲಿ ಮನುಷ್ಯರ ಚರ್ಮವೂ ಹಸಿರಾಗಿ ಕಾಣುವುದುಂಟು. ಬಿಳಿ ಪಂಚೆಯನ್ನೋ ಕಾಗದವನ್ನೋ ಅದೇ ಬೆಳಕಿನಲ್ಲಿ ತೋರಿಸಿ ಬಣ್ಣವನ್ನು ಸರಿಪಡಿಸಿಕೊಳ್ಳಬೇಕು.

ಧ್ವನಿಯ ಬಗ್ಗೆ ನಾನು ಹೆಚ್ಚು ಕಠಿಣ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳದ ಮಾತನ್ನು ಸಹಿಸುವುದಿಲ್ಲ. ಮಳೆಯ ಸದ್ದು, ಹಳ್ಳದ ಸದ್ದು, ಸಿಂಪಡಣೆಯ ಯಂತ್ರದ ಸದ್ದು ಇವುಗಳ ನಡುವೆ ಅಜ್ಜನೊಬ್ಬನ ಮಾತು ಬೇಕಿದ್ದರೆ ಮೈಕು ಅವನ ಎದೆಯ ಮೇಲೆಯೇ ಇರಬೇಕು. ಅಥವಾ ಯಂತ್ರ ನಿಂತ ಮೇಲೆ, ಜಗಲಿಯಲ್ಲಿ ಕುಳಿತು, ಮತ್ತೊಮ್ಮೆ ಕೇಳಿಸಿಕೊಳ್ಳಿ. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಬಿಡಿಸುವುದು ಸುಲಭವಲ್ಲ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ, ಅದನ್ನು ಆಗಾಗ ಬಿಸಿಮಾಡಿ ಒಣಗಿಸಿ.

ಇನ್ನೊಂದು ಕೆಲಸವನ್ನು ನಿಮ್ಮಿಂದ ನಿರೀಕ್ಷಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ ಜನ ಸತ್ತರು. ಇಂಥ ಕಡೆಗಳಲ್ಲಿ ದುರಂತದ ಮರುದಿನದ ದೃಶ್ಯಗಳು ಬೇಕಾದಷ್ಟು ಸಿಗುತ್ತವೆ, ಆದರೆ ಹಿಂದಿನ ಐದು ವರ್ಷಗಳಲ್ಲಿ ಆ ಇಳಿಜಾರು ಹೇಗಿತ್ತೆಂದು ತೋರಿಸುವ ದೃಶ್ಯಕ್ಕಾಗಿ ಹುಡುಕಾಡಬೇಕಾಗುತ್ತದೆ. ಆದುದರಿಂದ ನಿಮ್ಮೂರಿನ ಒಂದು ಬಂಡೆಯನ್ನು ಆರಿಸಿಕೊಳ್ಳಿ. ಪ್ರತಿ ತಿಂಗಳೂ ಅದೇ ಬಂಡೆಯ ಮೇಲೆ, ಅದೇ ದಿಕ್ಕಿಗೆ, ಅದೇ ಎತ್ತರದಲ್ಲಿ ಕ್ಯಾಮೆರಾ ಇಟ್ಟು ಅರ್ಧ ನಿಮಿಷ ಚಿತ್ರಿಸಿ. ಹೊಸ ಬಿರುಕು, ರಸ್ತೆಗಾಗಿ ಕಡಿದ ಧರೆ, ಬತ್ತಿದ ಅಥವಾ ದಿಕ್ಕು ಬದಲಿಸಿದ ಒರತೆ ಇವೆಲ್ಲ ಅದರಲ್ಲಿ ತಾವಾಗಿಯೇ ದಾಖಲಾಗುತ್ತವೆ.

ಹೀಗೆ ಚಿತ್ರಿಸಿದ ಮೂಲ ಕಡತವನ್ನು ಅಳಿಸಬಾರದು. ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೋ ಆಗಿ ಕಳುಹಿಸಿದ ಪ್ರತಿ ಕುಗ್ಗಿರುತ್ತದೆ, ಮೂಲದ ತಾಂತ್ರಿಕ ವಿವರಗಳನ್ನೂ ಕಳೆದುಕೊಂಡಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ದಿನಾಂಕ, ಸ್ಥಳ, ಚಿತ್ರಿಸಿದವರ ಹೆಸರು ಇವನ್ನು ಅಂದೇ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಪ್ರತಿಗಳು ಎರಡು ಬೇರೆ ಬೇರೆ ಮನೆಗಳಲ್ಲಿರಲಿ.

ಎಲ್ಲವನ್ನೂ ತೋರಿಸಬೇಕೆಂದಿಲ್ಲ ಎಂಬುದೂ ನೆನಪಿರಲಿ. ಅಪರೂಪದ ಔಷಧಿ ಗಿಡ ಇರುವ ಜಾಗ ನಿಮ್ಮ ಚಿತ್ರದಿಂದ ಗುರುತು ಸಿಗುವಂತಿದ್ದರೆ ಮುಂದಿನ ವಾರ ಅಲ್ಲಿ ಗಿಡ ಇರಲಾರದು. ಅಭಯಾರಣ್ಯದೊಳಗೆ ಚಿತ್ರಿಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪರವಾನಗಿ ಬೇಕು. ಮನುಷ್ಯರ ವಿಷಯದಲ್ಲಿ ನಿಯಮ ಇನ್ನೂ ಸರಳ: ಯಾರ ಮಾತನ್ನು ಹಿಡಿದಿರೋ ಅವರಿಗೆ ಮೊದಲು ತೋರಿಸಿ. ಬೇಡವೆಂದರೆ ಬಿಟ್ಟುಬಿಡಿ.

ಇದರಿಂದ ಹೊಟ್ಟೆ ತುಂಬುವುದೇ ಎಂದು ನಿಮ್ಮ ತಂದೆತಾಯಿಗಳು ಕೇಳುತ್ತಾರೆ. ಇದರಿಂದ ಮಾತ್ರ ತುಂಬಲಾರದು. ನಮ್ಮ ಕಡೆ ವಿಡಿಯೋದವರ ಜೀವನ ನಡೆಯುವುದು ಮದುವೆ, ಉಪನಯನ, ಗೃಹಪ್ರವೇಶಗಳಿಂದ. ಅದನ್ನು ಕೀಳೆಂದು ನೋಡುವ ಪರಿಸರ ಮಿತ್ರರ ಮಾತಿಗೆ ನನ್ನ ಸಮ್ಮತಿಯಿಲ್ಲ. ಮಾಂಗಲ್ಯಧಾರಣೆ ಎರಡನೆಯ ಸಲ ನಡೆಯುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾರ ಮುಂದೆ ಅಡ್ಡಬರಬಾರದು, ಬ್ಯಾಟರಿ ಯಾವಾಗ ಬದಲಿಸಬೇಕು ಎಂಬುದನ್ನು ಮದುವೆ ಮನೆಯಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಾರಿರಿ. ಆಷಾಢದಲ್ಲಿ ಮದುವೆಗಳಿಲ್ಲ, ಕ್ಯಾಮೆರಾ ಮನೆಯಲ್ಲಿರುತ್ತದೆ. ಕೊಳೆರೋಗದ ಎರಡನೆಯ ಸಿಂಪಡಣೆ ಬರುವುದೂ ಹೆಚ್ಚು ಕಡಿಮೆ ಆಗಲೇ. ಬೋರ್ಡೋ ಬರುವ ಮೊದಲು ಅಡಿಕೆ ಹಾಳೆಯ ಕೊಟ್ಟೆ ಕಟ್ಟಿ ಕೊನೆಗಳನ್ನು ಮಳೆಯಿಂದ ಕಾಯುತ್ತಿದ್ದರು. ಅದನ್ನು ಬಲ್ಲ ಕೈಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿಗೆ ಮೊದಲು ಹೋಗಿ.

ಊಟದ ನಂತರ ಹಿತ್ತಲಿನಲ್ಲಿ ಎರಡು ಪ್ಲಾಸ್ಟಿಕ್ ಪೀಪಾಯಿಗಳನ್ನು ಇರಿಸಲಾಗಿದೆ. ಒಂದರಲ್ಲಿ ಮೈಲುತುತ್ತ ಕರಗುತ್ತಿದೆ, ಇನ್ನೊಂದರಲ್ಲಿ ಸುಣ್ಣ ಅರಳುತ್ತಿದೆ. ಮೂವರಂತೆ ಗುಂಪು ಮಾಡಿಕೊಂಡು, ಒಬ್ಬರು ಕ್ಯಾಮೆರಾ, ಒಬ್ಬರು ಮೈಕು, ಒಬ್ಬರು ಚಾಕು ಹಿಡಿದು ಬನ್ನಿ.