ಕೆಲಸದ ಮೊದಲ ದಿನ



ಹೊಸ ಸೊಸೆ ಮನೆಗೆ ಬರುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರೆ. ಅವಳು ಅದನ್ನು ಕಾಲಿನಿಂದ ಉರುಳಿಸಿ ಒಳಗೆ ಬರುತ್ತಾಳೆ. ಅಲ್ಲಿಗೆ ಸ್ವಾಗತವಾಯಿತು. ಆದರೆ ಉಪ್ಪಿನ ಭರಣಿ ಯಾವುದು, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರಾದರೂ ಹೇಳಿಕೊಟ್ಟ ಮೇಲೆಯೇ ಅವಳಿಗೆ ಆ ಮನೆ ತನ್ನದೆನಿಸುವುದು. ನಾಳೆ ಉದ್ಯೋಗಕ್ಕೆ ಸೇರಲಿರುವ ನಿಮ್ಮ ವಿಷಯವೂ ಹೀಗೆಯೇ. ಹೂಗುಚ್ಛ ಕೊಟ್ಟು ಕುರ್ಚಿ ತೋರಿಸಿದರೆ ಸ್ವಾಗತವಾಗುತ್ತದೆ, ಕೆಲಸದ ಪರಿಚಯವಾಗುವುದಿಲ್ಲ.

ಈ ಪರಿಚಯ ಬರಿಯ ಸೌಜನ್ಯವೆಂದು ಭಾವಿಸಬೇಡಿ. ಕಾರ್ಖಾನೆಯಲ್ಲಿ ಅದು ಕೈಬೆರಳಿನ ಪ್ರಶ್ನೆ, ಕೆಲವೊಮ್ಮೆ ಪ್ರಾಣದ ಪ್ರಶ್ನೆ. ಯಂತ್ರದ ಸದ್ದು ಬದಲಾದೊಡನೆ ಹಳಬರು ಕೈ ಹಿಂದೆಗೆಯುತ್ತಾರೆ. ಹೊಸಬರಿಗೆ ಆ ಸದ್ದಿನ ಅರ್ಥವೇ ತಿಳಿಯದು. ಇದನ್ನು ಮನಗಂಡೇ 1948ರ ಕಾರ್ಖಾನೆಗಳ ಕಾಯ್ದೆಯು ತನ್ನ 23ನೆಯ ಕಲಮಿನಲ್ಲಿ, 18 ವರ್ಷ ತುಂಬದವರನ್ನು ಅಪಾಯಕಾರಿ ಯಂತ್ರಗಳ ಕೆಲಸಕ್ಕೆ ಹಚ್ಚುವ ಮುನ್ನ ಅಪಾಯವನ್ನೂ ಮುನ್ನೆಚ್ಚರಿಕೆಯನ್ನೂ ಪೂರ್ತಿಯಾಗಿ ತಿಳಿಸಬೇಕು, ಜೊತೆಗೆ ಸಾಕಷ್ಟು ತರಬೇತಿಯನ್ನಾಗಲಿ ಅನುಭವಿಗಳ ಮೇಲ್ವಿಚಾರಣೆಯನ್ನಾಗಲಿ ಒದಗಿಸಬೇಕು ಎಂದು ವಿಧಿಸಿತ್ತು. ಈಗ ಆ ಕಾಯ್ದೆಯ ಸ್ಥಾನದಲ್ಲಿ, 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಇದೆ. ನೌಕರರಿಗೆ ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯವೆಂದು ಅದು ಹೇಳುತ್ತದೆ.

ಆದ್ದರಿಂದ ಮೊದಲ ದಿನ ನೀವು ಮಾಡಬೇಕಾದ ಕೆಲಸಗಳೇನು? ನೇಮಕಾತಿ ಪತ್ರವನ್ನು ಕೇಳಿ ಪಡೆಯಿರಿ. ಸಂಬಳ, ಹುದ್ದೆ, ಕೆಲಸದ ವೇಳೆಗಳನ್ನು ಓದಿದ ಮೇಲೆಯೇ ಸಹಿ ಹಾಕಿ. ಅಂಕಪಟ್ಟಿಯ ನಕಲು ಕೊಡಿ. ಮೂಲಪ್ರತಿಯನ್ನು ತೋರಿಸಿ ಹಿಂದಕ್ಕೆ ಪಡೆಯಿರಿ. ಭವಿಷ್ಯನಿಧಿಗೆ ಸೇರಿಸಿದ್ದರೆ ನಿಮ್ಮ ಯು.ಎ.ಎನ್. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕೆಲಸ ಬದಲಾದರೂ ಆ ಸಂಖ್ಯೆ ಬದಲಾಗದು. ಬೆಂಕಿ ಬಿದ್ದರೆ ಹೊರಬರುವ ದಾರಿ ಯಾವುದೆಂದು ಒಮ್ಮೆ ನಡೆದು ನೋಡಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ಲೈಂಗಿಕ ಕಿರುಕುಳದ ದೂರು ಆಲಿಸಲು ಆಂತರಿಕ ಸಮಿತಿ ಇರಬೇಕೆಂಬುದು 2013ರ ಕಾಯ್ದೆಯ ನಿಯಮ. ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಪ್ರಕಟಿಸಿರಬೇಕು. ವಿದ್ಯಾರ್ಥಿನಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಇಷ್ಟು ತಿಳಿದರೂ ಒಂದು ತೊಡಕು ಉಳಿಯುತ್ತದೆ. ಅದು ನಮ್ಮ ಸಂಕೋಚ. ಹಿರಿಯರು “ಗೊತ್ತಾಯಿತೇನಪ್ಪಾ?” ಎಂದು ಕೇಳಿದರೆ, ಗೊತ್ತಾಗದಿದ್ದರೂ “ಹ್ಞೂಂ ಸಾರ್” ಎಂದು ತಲೆಯಾಡಿಸುತ್ತೇವೆ. ಅಪಾಯ ಹುಟ್ಟುವುದು ಆ “ಹ್ಞೂಂ”ನಲ್ಲಿ. “ಇನ್ನೊಮ್ಮೆ ತೋರಿಸಿ ಸಾರ್, ಆಮೇಲೆ ನಾನು ಮಾಡುತ್ತೇನೆ, ನೀವು ನೋಡಿ” ಎನ್ನುವುದನ್ನು ಅಭ್ಯಾಸ ಮಾಡಿಕೊಳ್ಳಿ. ಇದರಲ್ಲಿ ಅವಮಾನವೇನೂ ಇಲ್ಲ. ಒಳ್ಳೆಯ ಮೇಸ್ತ್ರಿಗೆ ಇಂಥ ಹುಡುಗರ ಮೇಲೆಯೇ ನಂಬಿಕೆ ಬೆಳೆಯುವುದು.

ಕೆಲವೇ ವರ್ಷಗಳಲ್ಲಿ ನೀವೂ ಹಳಬರಾಗುತ್ತೀರಿ. ಆಗ ಬಾಗಿಲಲ್ಲಿ ಹೊಸ ಮುಖ ಕಂಡರೆ ಮೊದಲು ಕುಡಿಯುವ ನೀರು, ಶೌಚಾಲಯ, ಊಟದ ಜಾಗ ತೋರಿಸಿ. ಮಧ್ಯಾಹ್ನ ನಿಮ್ಮ ಪಕ್ಕ ಕೂರಿಸಿಕೊಂಡು ಬುತ್ತಿ ಬಿಚ್ಚಿ. ಇದಕ್ಕೆ ಉದ್ಯೋಗ ಸಿಗುವವರೆಗೆ ಕಾಯಬೇಕಿಲ್ಲ. ನಿಮ್ಮ ತರಗತಿಗೆ ವರ್ಷದ ನಡುವೆ ಬಂದು ಸೇರಿದವರು ಯಾರಾದರೂ ಇದ್ದರೆ, ನಾಳೆಯೇ ಆರಂಭಿಸಬಹುದು.