ಪ್ಲಸ್ ಒನ್ ಇಂಗ್ಲಿಷ್ ಕ್ಲಾಸಿಗೆ ಹೋಗುವ ಮುಂಚೆ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹೊಸೂರು, ತಳಿ, ಡೆಂಕಣಿಕೋಟೆ ಕಡೆ ನಮ್ಮ ಮಕ್ಕಳು ಮನೇಲಿ ಕನ್ನಡ, ಹೊರಗೆ ತಮಿಳು, ತೆಲುಗು ಆಡ್ತಾರೆ. ಮೂರು ಭಾಷೆ ಬಲ್ಲ ಮಕ್ಕಳೇ ಇಂಗ್ಲಿಷ್ ಅಂದ್ರೆ ಹಿಂದಿನ ಬೆಂಚಿಗೆ ಸರೀತಾರೆ.

ಹತ್ತನೇ ಕ್ಲಾಸಿನವರೆಗೆ ಬಾಯಿಪಾಠ ಮಾಡಿ ಹೇಗೋ ಪಾಸಾಗಿರಬಹುದು. ಮುಂದೆ ಅದು ಸಾಲದು. ಪ್ಲಸ್ ಟೂ ಇಂಗ್ಲಿಷಿನ 100 ಅಂಕದಲ್ಲಿ 90 ಬರವಣಿಗೆಯ ಪರೀಕ್ಷೆಗೆ. ಗದ್ಯ, ಪದ್ಯ, ಕತೆ, ವ್ಯಾಕರಣದ ಜೊತೆಗೆ, ಪುಸ್ತಕದಲ್ಲೇ ಇಲ್ಲದ ಗದ್ಯ ಕೊಟ್ಟು ಪ್ರಶ್ನೆ ಕೇಳ್ತಾರೆ. ಟಿಪ್ಪಣಿ, ಸಾರಾಂಶ ಬರೆಸ್ತಾರೆ. ಅಲ್ಲಿ ಗೈಡು ಕೈಕೊಡುತ್ತೆ, ನಿಮ್ಮ ಸ್ವಂತ ವಾಕ್ಯವೇ ಕೈ ಹಿಡಿಯೋದು.

ಆದ್ದರಿಂದ ದಿನಾ ಐದು ಸಾಲು ನೀವೇ ಬರೀರಿ. ಮೇಷ್ಟ್ರ ಹತ್ರ ತಿದ್ದಿಸಿ. ತಪ್ಪು ಬಂದೇ ಬರುತ್ತೆ. ತಿದ್ದಿಸಿಕೊಳ್ಳೋದು ಅವಮಾನವಲ್ಲ, ನಿಮ್ಮ ಹಕ್ಕು. "ಸಾರ್, ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ" ಅಂತ ಎದ್ದು ನಿಂತು ಕೇಳಿ.

1936ರಲ್ಲಿ ಬಾಬಾಸಾಹೇಬರು ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣವನ್ನು, ಕರೆದವರೇ ರದ್ದು ಮಾಡಿದರು. ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ಆ ಭಾಷಣವನ್ನು ಅವರು ತಾವೇ ಅಚ್ಚು ಹಾಕಿಸಿದರು. 'ಜಾತಿ ವಿನಾಶ' ಅಂತ ನಾವು ಓದೋದು ಅದನ್ನೇ. ವೇದಿಕೆ ಕಿತ್ತುಕೊಂಡರೂ ಬರೆದ ಮಾತನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ.

ಸಂಘದ ಕಾಲೇಜು ಹುಡುಗ ಹುಡುಗಿಯರಿಗೆ ಕೊನೇ ಮಾತು: ವಾರಕ್ಕೊಂದು ಸಂಜೆ ಈ ಮಕ್ಕಳ ಪಕ್ಕ ಕೂತು ಇಂಗ್ಲಿಷ್ ಪೇಪರಿನ ಒಂದು ಸುದ್ದಿ ಓದಿಸಿ, ಅದನ್ನ ಅವರ ಮಾತಲ್ಲೇ ಬರೆಸಿ. ಮೊದಲ ತಲೆಮಾರಿಗೆ ಮನೇಲಿ ಹೇಳಿಕೊಡೋರು ಇರೋದಿಲ್ಲ. ಆ ಜಾಗದಲ್ಲಿ ನಾವು ಕೂರಬೇಕು.

ಜೈ ಭೀಮ್.